ವಸಡಿನ ಮೇರೆ

ದೇಹವು ಮನುಷ್ಯನಿಗೆ ಬಂದ ಕೊಡುಗೆಯೇ, ಅವನ ವಶದಲ್ಲಿರುವ ಸ್ವತ್ತೇ, ಅಥವಾ ಕೆಲಕಾಲ ಅವನ ಕೈಗೆ ಒಪ್ಪಿಸಿಟ್ಟ ಇಡುಗಂಟೇ ಎಂಬುದು ಧರ್ಮಚಿಂತನೆಯಷ್ಟೇ ಹಳೆಯದಾದ ಪ್ರಶ್ನೆ. ಅಂಗಾಂಗ ದಾನ, ದಯಾಮರಣ, ಗರ್ಭಪಾತಗಳಂಥ ದೊಡ್ಡ ಸಂದರ್ಭಗಳಲ್ಲಿ ಇದನ್ನು ಎತ್ತಿ ಚರ್ಚಿಸುವುದು ವಾಡಿಕೆ. ಆದರೆ ದೊಡ್ಡ ಸಂದರ್ಭಗಳಲ್ಲಿ ಭಯ, ದುಃಖ, ಕಾನೂನುಗಳು ಒಟ್ಟಿಗೆ ನುಗ್ಗಿ ಬಂದು ವಿಚಾರವನ್ನು ಕದಡಿಬಿಡುವುದರಿಂದ, ಪ್ರಶ್ನೆಯ ತಿರುಳು ತಿಳಿಯಾಗಿ ಕಾಣುವುದು ಪ್ರಾಣಾಪಾಯವಿಲ್ಲದ ಸಣ್ಣ ಸಂದರ್ಭಗಳಲ್ಲಿ. ಅಂಥ ಒಂದು ಸಣ್ಣ ಸಂದರ್ಭ, ಹಲ್ಲು ಇನ್ನಷ್ಟು ಹೊರಗೆ ಕಾಣುವಂತೆ ವಸಡನ್ನು ಕತ್ತರಿಸಿ ತಿದ್ದುವ ಶಸ್ತ್ರಚಿಕಿತ್ಸೆ. ದಂತವೈದ್ಯರು ಇದನ್ನು ‘ಕ್ರೌನ್ ಲೆಂಗ್ತನಿಂಗ್’ ಎನ್ನುತ್ತಾರೆ. ಕನ್ನಡದಲ್ಲಿ ‘ಕಿರೀಟ ದೀರ್ಘೀಕರಣ’ ಎನ್ನಬಹುದಾದರೂ, ಇಲ್ಲಿ ಹಲ್ಲು ಕೂದಲೆಳೆಯಷ್ಟೂ ಬೆಳೆಯುವುದಿಲ್ಲ. ಅದನ್ನು ಮುಚ್ಚಿದ್ದುದು ಸರಿಯುತ್ತದೆ, ಅಷ್ಟೇ.

ಹಲ್ಲಿನಲ್ಲಿ ಬಾಯೊಳಗೆ ಕಾಣುವ ಭಾಗಕ್ಕೆ ಕಿರೀಟವೆಂದೂ, ದವಡೆಯ ಮೂಳೆಯಲ್ಲಿ ಹುದುಗಿರುವ ಭಾಗಕ್ಕೆ ಬೇರೆಂದೂ ಹೆಸರು. ಹುಳುಕು ಹಿಡಿದೋ, ಪೆಟ್ಟು ಬಿದ್ದೋ, ವರ್ಷಾನುಗಟ್ಟಲೆ ಅಡಿಕೆ-ಗುಟ್ಕಾ ಅಗಿದು ಸವೆದೋ ಹಲ್ಲು ವಸಡಿನ ಮಟ್ಟಕ್ಕೆ ಇಳಿದುಬಿಟ್ಟಾಗ, ಬೇರಿಗೆ ಚಿಕಿತ್ಸೆ ಮಾಡಿದರೂ ಮೇಲೆ ಕ್ಯಾಪ್ ಕೂರಿಸಲು ಹಿಡಿತ ಸಿಗುವುದಿಲ್ಲ. ಒನಕೆಯ ತುದಿ ಸೀಳದಂತೆ ಲೋಹದ ಅಣಸು ಮರವನ್ನು ಸುತ್ತಲೂ ಬಿಗಿದು ಹಿಡಿಯುವ ಹಾಗೆ, ಕ್ಯಾಪ್‌ನ ಅಂಚು ಗಟ್ಟಿಯಾದ ಹಲ್ಲನ್ನು ಸುತ್ತಲೂ ಸುಮಾರು 1.5ರಿಂದ 2 ಮಿಲಿಮೀಟರಿನಷ್ಟಾದರೂ ತಬ್ಬಿ ಹಿಡಿಯಬೇಕು. ಇದಕ್ಕೆ ದಂತವೈದ್ಯರ ಪರಿಭಾಷೆಯಲ್ಲಿ ‘ಫೆರೂಲ್’ ಎಂದು ಹೆಸರು. ಆ ಎರಡು ಮಿಲಿಮೀಟರನ್ನು ದೊರಕಿಸಿಕೊಡುವುದಕ್ಕಾಗಿ ವಸಡನ್ನೂ ಅದರಡಿಯ ಮೂಳೆಯನ್ನೂ ತೆಗೆಯುವುದು ಈ ಚಿಕಿತ್ಸೆಯ ಒಂದು ಬಗೆ. ನಕ್ಕಾಗ ಹಲ್ಲಿಗಿಂತ ವಸಡೇ ಹೆಚ್ಚಾಗಿ ಕಾಣುವವರಿಗೆ ಚೆಲುವಿನ ಸಲುವಾಗಿ ಮಾಡುವುದು ಇನ್ನೊಂದು ಬಗೆ. ಕತ್ತಿ ಒಂದೇ, ಮಾಂಸವೂ ಒಂದೇ. ಉದ್ದೇಶ ಮಾತ್ರ ಬೇರೆ. ಧರ್ಮದ ಪ್ರಶ್ನೆ ತಲೆಯೆತ್ತುವುದು ಈ ಕವಲಿನಲ್ಲಿ.

ಪ್ರಶ್ನೆಯನ್ನು ಬಿಡಿಸುವ ಮುನ್ನ ವಸಡಿನ ರಚನೆಯನ್ನು ಹತ್ತಿರದಿಂದ ನೋಡಬೇಕು. ಹಲ್ಲಿನ ಸುತ್ತ ವಸಡು ಗೋಡೆಗೆ ಬಳಿದ ಗಾರೆಯಂತೆ ಸುಮ್ಮನೆ ಮೆತ್ತಿಕೊಂಡಿರುವುದಿಲ್ಲ. ಮೂಳೆಯ ಅಂಚಿನಿಂದ ಮೇಲಕ್ಕೆ ಮೊದಲು ನಾರುಗಳು ಹಲ್ಲಿನ ಬೇರನ್ನು ಹಿಡಿದಿರುತ್ತವೆ. ಅವುಗಳ ಮೇಲೆ ತೆಳುವಾದ ಹೊದಿಕೆಯ ಪದರವೊಂದು ಹಲ್ಲಿಗೆ ಅಂಟಿರುತ್ತದೆ. ಅದರ ಮೇಲೆ ಅಂಟದೆ ಉಳಿದ ಕಿರುಗಾಲುವೆಯೊಂದು ಇರುತ್ತದೆ. 1961ರಲ್ಲಿ ಗಾರ್ಜುಲೊ, ವೆಂಟ್ಜ್ ಮತ್ತು ಓರ್ಬನ್ ಎಂಬ ಮೂವರು ಸಂಶೋಧಕರು ಶವಗಳ ದವಡೆಗಳಲ್ಲಿ ಅಳೆದು, ನಾರಿನ ಪದರ ಸರಾಸರಿ 1.07 ಮಿಲಿಮೀಟರ್, ಅಂಟಿನ ಪದರ ಸರಾಸರಿ 0.97 ಮಿಲಿಮೀಟರ್ ಇರುವುದನ್ನು ಕಂಡರು. ಇವೆರಡರ ಮೊತ್ತವಾದ 2.04 ಮಿಲಿಮೀಟರಿಗೆ ‘ಬಯಾಲಜಿಕ್ ವಿಡ್ತ್’ ಅಥವಾ ಜೈವಿಕ ಅಗಲ ಎಂಬ ಹೆಸರು ರೂಢಿಗೆ ಬಂತು. ವ್ಯಕ್ತಿಯಿಂದ ವ್ಯಕ್ತಿಗೆ, ಒಂದೇ ಬಾಯಿಯ ಹಲ್ಲಿನಿಂದ ಹಲ್ಲಿಗೆ ಈ ಅಳತೆ ವ್ಯತ್ಯಾಸವಾಗುತ್ತದೆ. ಅಳತೆ ಎಷ್ಟೇ ಇರಲಿ, ಪ್ರತಿ ಹಲ್ಲಿನ ಸುತ್ತಲೂ ದೇಹ ಅದನ್ನು ಕಾಯ್ದುಕೊಳ್ಳುತ್ತದೆ. ಹೊರಗಿನ ಬಾಯಿಗೂ ಒಳಗಿನ ಮೂಳೆಗೂ ನಡುವೆ, ರೋಗಾಣುಗಳು ಇಳಿಯದಂತೆ ತಡೆಯುವ ಕಾವಲು ಇದೇ.

ಈ ಕಾವಲಿನ ಜಾಗಕ್ಕೆ ಕ್ಯಾಪ್‌ನ ಅಂಚು ನುಗ್ಗಿದರೆ ಆಗುವುದೇ ಬೇರೆ. ವಸಡು ಕೆಂಪಾಗಿ ಊದಿಕೊಂಡು, ಹಲ್ಲುಜ್ಜಿದಾಗಲೆಲ್ಲ ರಕ್ತ ಒಸರುತ್ತದೆ. ಕೆಲವರಲ್ಲಿ ಮೂಳೆ ತಾನಾಗಿಯೇ ಕರಗಿ ಕೆಳಗಿಳಿದು, ಕಳೆದುಹೋದ ಅಂತರವನ್ನು ಮತ್ತೆ ಸಂಪಾದಿಸಿಕೊಳ್ಳಲು ಹವಣಿಸುತ್ತದೆ. ಇದಕ್ಕೆ ಪ್ರತಿಯಾಗಿ, ಮೂಳೆಯನ್ನು ಮುಟ್ಟದೆ ವಸಡನ್ನಷ್ಟೇ ಕತ್ತರಿಸಿ ಹಲ್ಲನ್ನು ಉದ್ದ ಕಾಣಿಸಿದರೆ, ಮೂಳೆಯ ಮೇಲೆ ಸಾಕಷ್ಟು ಅಂತರ ಉಳಿಯದಿದ್ದಲ್ಲಿ ವಸಡು ಕೆಲವು ತಿಂಗಳಲ್ಲಿ ಮತ್ತೆ ಮೇಲೇರಿ ತನ್ನ ಮೊದಲ ಮಟ್ಟದ ಹತ್ತಿರ ಬಂದು ನಿಲ್ಲುತ್ತದೆ. ಆದ್ದರಿಂದಲೇ ವೈದ್ಯರು ಮೊದಲು ಜಾಗವನ್ನು ಮರಗಟ್ಟಿಸಿ, ಗುರುತು ಕೊರೆದ ಸಣ್ಣ ಅಳತೆಕಡ್ಡಿಯನ್ನು ವಸಡಿನ ಮೂಲಕ ಮೂಳೆ ತಾಗುವವರೆಗೆ ಒತ್ತಿ ಆಳವನ್ನು ಓದುತ್ತಾರೆ. ಆಮೇಲೆ ಬೇಡದ ವಸಡಿನ ಅಂಚನ್ನು ಓರೆಯಾಗಿ ಕೊಯ್ದು, ಉಳಿದದ್ದನ್ನು ಪುಟದ ಹಾಳೆಯಂತೆ ಬಿಡಿಸುತ್ತಾರೆ. ತಣ್ಣನೆಯ ಲವಣದ ನೀರು ಹಾಯಿಸುತ್ತ ತಿರುಗುವ ಮೊನೆಯಿಂದ ಮೂಳೆಯನ್ನು ಸವೆಸುತ್ತಾರೆ. ಬೇರಿನ ತೀರ ಹತ್ತಿರದಲ್ಲಿ ಅದನ್ನೂ ಬಿಟ್ಟು ಕೈಯುಳಿಯಿಂದ ಎಳೆ ಎಳೆಯಾಗಿ ಕೆತ್ತುತ್ತಾರೆ. ಮುಂದೆ ಕ್ಯಾಪ್‌ನ ಅಂಚು ಕೂರುವ ಜಾಗದಿಂದ ಮೂಳೆಗೆ ಸುಮಾರು 3 ಮಿಲಿಮೀಟರ್ ದೂರ ದೊರೆತ ಮೇಲೆ ಹಾಳೆಯನ್ನು ಕೆಳಕ್ಕಿಳಿಸಿ ಹೊಲಿಯುತ್ತಾರೆ. ದೇಹದ ಮೇರೆಯನ್ನು ಇಲ್ಲಿ ಯಾರೂ ಅಳಿಸುವುದಿಲ್ಲ. ಆ ಮೇರೆ ಇಡಿಯಾಗಿ ಕೆಳಗೆ ಸರಿದು ಹೊಸ ಜಾಗದಲ್ಲಿ ಅದೇ ಅಳತೆಯೊಡನೆ ನೆಲೆಗೊಳ್ಳುತ್ತದೆ.

ವಸಡಿಗೆ ಶಸ್ತ್ರ ಹಾಕುವುದು ಈ ನಾಡಿಗೆ ಹೊಸದಲ್ಲ. ಸುಶ್ರುತ ಸಂಹಿತೆಯು ಬಾಯಿಯ 65 ರೋಗಗಳನ್ನು ಎಣಿಸಿ, ಅವುಗಳಲ್ಲಿ 15ನ್ನು ದಂತಮೂಲಕ್ಕೆ, ಎಂದರೆ ವಸಡಿಗೆ, ಸೇರಿಸುತ್ತದೆ. ಕೊನೆಯ ದವಡೆಹಲ್ಲಿನ ಬಳಿ ಮಾಂಸ ಮಿತಿಮೀರಿ ಬೆಳೆದು ನೋವು ಕೊಡುವ ಸ್ಥಿತಿಗೆ ಅದು ‘ಅಧಿಮಾಂಸ’ವೆಂದು ಹೆಸರಿಟ್ಟು, ಆ ಮಾಂಸವನ್ನು ಛೇದಿಸಿ ತೆಗೆದು ಜೇನುತುಪ್ಪ ಬೆರೆಸಿದ ಮೂಲಿಕೆಗಳ ಪುಡಿಯಿಂದ ಉಪಚರಿಸಬೇಕೆಂದು ಹೇಳುತ್ತದೆ. ‘ಅಧಿ’ ಎಂಬ ಉಪಸರ್ಗವನ್ನು ಗಮನಿಸಬೇಕು. ತೆಗೆಯಬೇಕಾದದ್ದು ಮಿಕ್ಕಿದ್ದನ್ನು, ಯಾವುದು ಮಿಕ್ಕಿದ್ದು ಎಂದು ತಿಳಿಯಬೇಕಾದರೆ ಎಷ್ಟಿರಬೇಕೆಂಬ ಅಳತೆ ಮೊದಲೇ ಗೊತ್ತಿರಬೇಕು. ಸುಶ್ರುತನ ಚಿಕಿತ್ಸೆಗೂ ಇಂದಿನ ಕ್ರೌನ್ ಲೆಂಗ್ತನಿಂಗ್‌ಗೂ ಉದ್ದೇಶದಲ್ಲಿ ಅಂತರವಿದ್ದರೂ, ಕತ್ತಿಗಿಂತ ಮೊದಲು ಅಳತೆ ಎಂಬ ನಿಯಮ ಎರಡಕ್ಕೂ ಸಮಾನ.

ಬಳ್ಳಾರಿ ನಗರ, ಸಿರುಗುಪ್ಪ ಮತ್ತು ಕುರುಗೋಡು ಸೇರಿದ ಸೀಮೆಯಲ್ಲಿ, ದೇಹವನ್ನು ತಿದ್ದಬಹುದೇ ಎಂಬ ಧರ್ಮದ ಪ್ರಶ್ನೆಗೆ ಉತ್ತರ ಹೇಳಬಲ್ಲ ಪರಂಪರೆ ಒಂದೇ ಅಲ್ಲ. ಸಿರುಗುಪ್ಪ ತಾಲ್ಲೂಕಿನ ನಿಟ್ಟೂರು ಮತ್ತು ಉದೇಗೋಳಗಳ ಬಂಡೆಗಳ ಮೇಲೆ, ಅಶೋಕನ ಹೆಸರನ್ನೇ ನೇರವಾಗಿ ಹೇಳುವ ಅಪರೂಪದ ಶಾಸನಗಳಿವೆ. ತಂದೆತಾಯಿಗಳ ಮಾತು ಕೇಳಬೇಕು, ಜೀವಿಗಳಲ್ಲಿ ದಯೆ ಇರಬೇಕು, ಸತ್ಯ ನುಡಿಯಬೇಕು ಎಂಬ ಅಲ್ಲಿನ ಬೋಧೆಯ ಹಿಂದೆ ಇರುವ ಬೌದ್ಧ ಪರಂಪರೆಯು ಹಲ್ಲನ್ನು ಎರಡು ರೀತಿಯಲ್ಲಿ ನೋಡಿದೆ. ಕೂದಲು, ರೋಮ, ಉಗುರು, ಹಲ್ಲು, ಚರ್ಮ ಎಂಬ ಐದನ್ನು ಒಂದೊಂದಾಗಿ ನೆನೆದು, ಇವುಗಳಲ್ಲಿ ‘ನಾನು’ ಎಂಬುದು ಎಲ್ಲಿಯೂ ಇಲ್ಲವೆಂದು ಕಾಣುವ ಧ್ಯಾನವನ್ನು ಭಿಕ್ಷುವಿಗೆ ದೀಕ್ಷೆಯ ಹೊತ್ತಿನಲ್ಲೇ ಕಲಿಸುತ್ತಾರೆ. ಅದೇ ಸಂಘದ ನಿಯಮಗಳು ಭಿಕ್ಷುಗಳಿಗೆ ಹಲ್ಲುಕಡ್ಡಿಯನ್ನು ಅನುಮತಿಸಿ ಅದರ ಪ್ರಯೋಜನಗಳನ್ನೂ ಎಣಿಸುತ್ತವೆ. ಹಲ್ಲಿಗೆ ಅಂಟಿಕೊಳ್ಳಬಾರದು, ಹಲ್ಲನ್ನು ಕಡೆಗಣಿಸಲೂ ಬಾರದು ಎಂಬುದು ಆ ಪರಂಪರೆಯ ನಡುದಾರಿ.

ಕರ್ನಾಟಕದಲ್ಲಿ ಆಳವಾಗಿ ಬೇರೂರಿದ ದಿಗಂಬರ ಜೈನ ಸಂಪ್ರದಾಯವು ಇನ್ನೂ ಮುಂದೆ ಹೋಗುತ್ತದೆ. ಮುನಿಯ 28 ಮೂಲಗುಣಗಳಲ್ಲಿ ಹಲ್ಲುಜ್ಜದಿರುವುದೂ ಒಂದು. ದೇಹದ ಅಲಂಕಾರವನ್ನು ತೊರೆದವನಿಗೆ ಹಲ್ಲಿನ ಹೊಳಪೂ ತೊರೆಯತಕ್ಕದ್ದೇ. ಆದರೆ ಈ ವ್ರತ ಮುನಿಯದು. ಗೃಹಸ್ಥನ ಮೇಲೆ ಅದನ್ನು ಯಾರೂ ಹೊರಿಸುವುದಿಲ್ಲ. ತ್ಯಾಗವೆಂಬುದು ತನ್ನ ದೇಹದ ಮೇಲೆ ತಾನೇ ತಳೆಯುವ ನಿಲುವೇ ಹೊರತು, ಇನ್ನೊಬ್ಬರ ನೋವಿಗೆ ಔಷಧ ನಿರಾಕರಿಸುವ ನೆಪವಾಗಲಾರದು ಎಂಬ ವಿವೇಕ ಈ ವಿಂಗಡಣೆಯಲ್ಲಿದೆ.

ಹಲ್ಲನ್ನು ತಿದ್ದುವ ಪ್ರಶ್ನೆಯನ್ನು ಹೆಸರು ಹಿಡಿದು ಎದುರಿಸಿದ ಕೀರ್ತಿ ಇಸ್ಲಾಮಿನ ಧರ್ಮಶಾಸ್ತ್ರಕ್ಕೆ ಸಲ್ಲಬೇಕು. ಚೆಲುವಿಗಾಗಿ ಹಲ್ಲುಗಳನ್ನು ಉಜ್ಜಿಸಿ ಅವುಗಳ ನಡುವೆ ಸಂದು ಮಾಡಿಸಿಕೊಂಡು ದೇವರ ಸೃಷ್ಟಿಯನ್ನು ಬದಲಿಸುವವರನ್ನು ಖಂಡಿಸುವ ಹದೀಸ್ ಒಂದು ಇಬ್ನ್ ಮಸೂದರ ಮೂಲಕ ಬಂದು ಬುಖಾರಿ ಮತ್ತು ಮುಸ್ಲಿಮ್ ಸಂಕಲನಗಳೆರಡರಲ್ಲೂ ಸೇರಿದೆ. ಅದೇ ಪರಂಪರೆಯಲ್ಲಿ ಅರ್ಫಜಾ ಎಂಬುವರ ಪ್ರಸಂಗವೂ ಇದೆ: ಕಾಳಗದಲ್ಲಿ ಮೂಗು ಕಳೆದುಕೊಂಡ ಅವರು ಬೆಳ್ಳಿಯ ಮೂಗು ಹಾಕಿಸಿಕೊಂಡು, ಅದು ನಾರತೊಡಗಿದಾಗ, ಚಿನ್ನದ ಮೂಗು ಹಾಕಿಸಿಕೊಳ್ಳುವಂತೆ ಪ್ರವಾದಿಯವರೇ ಹೇಳಿದರು. ಗಂಡಸರಿಗೆ ಚಿನ್ನ ತೊಡುವುದು ಸಲ್ಲದೆಂಬ ನಿಯಮವಿದ್ದೂ ಸಿಕ್ಕ ಈ ಅನುಮತಿಯನ್ನು ಆಧರಿಸಿ, ಸಡಿಲವಾದ ಹಲ್ಲನ್ನು ಚಿನ್ನದ ತಂತಿಯಿಂದ ಬಿಗಿಯಬಹುದೇ ಎಂಬುದನ್ನು ಧರ್ಮಶಾಸ್ತ್ರಜ್ಞರು ಚರ್ಚಿಸಿದರು. ಎರಡು ಪ್ರಸಂಗಗಳನ್ನು ಕೂಡಿಸಿ ಓದಿದಾಗ ಕುಂದನ್ನು ನಿವಾರಿಸುವುದಕ್ಕೂ ಸೃಷ್ಟಿಯನ್ನು ಬದಲಿಸುವುದಕ್ಕೂ ನಡುವೆ ಒಂದು ಗೆರೆ ಮೂಡುತ್ತದೆ. ಆ ಗೆರೆ ಎಲ್ಲಿ ಹಾಯಬೇಕೆಂಬುದನ್ನು ಪ್ರತಿ ಬಾಯಿಯಲ್ಲೂ ಹೊಸದಾಗಿ ವಿಚಾರಿಸಬೇಕು.

ದೇಹವೇ ಪವಿತ್ರಾತ್ಮದ ಆಲಯವೆಂಬ ಪೌಲನ ಕ್ರೈಸ್ತ ಚಿಂತನೆ ಕನ್ನಡದ ಅಚ್ಚಿನ ಅಕ್ಷರಕ್ಕೆ ಇಳಿದದ್ದರಲ್ಲಿ ಬಳ್ಳಾರಿಯ ಪಾತ್ರ ದೊಡ್ಡದು. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ನೆಲೆಸಿ ಬೈಬಲನ್ನು ಕನ್ನಡಕ್ಕೆ ತರುವ ಕೆಲಸಕ್ಕೆ ತೊಡಗಿದರು. ಇಡೀ ಕನ್ನಡ ಬೈಬಲು 1831ರ ವೇಳೆಗೆ ಹೊರಬಂತು. ಅದಕ್ಕೆ ಏಳು ಶತಮಾನ ಮೊದಲು, ಸಿಂದ ಮನೆತನದ ಶಾಖೆಯೊಂದು ಕುರುಗೋಡಿನಿಂದ ಆಳುತ್ತಿದ್ದ 12ನೇ ಶತಮಾನದಲ್ಲೇ, ಕಲ್ಯಾಣದ ಶರಣರು ದೇಹವನ್ನು ದೇಗುಲವೆಂದು ಕಂಡಿದ್ದರು. ಅವರು ದುಡಿಮೆಗೆ ಇಟ್ಟ ‘ಕಾಯಕ’ ಎಂಬ ಹೆಸರೇ ಕಾಯದಿಂದ ಹುಟ್ಟಿದ್ದು. ದೇಗುಲದ ಹೋಲಿಕೆಯನ್ನು ಪೂರ್ತಿಯಾಗಿ ಒಪ್ಪುವವರು ಅದರ ಇನ್ನೊಂದು ಮಗ್ಗುಲನ್ನೂ ಒಪ್ಪಬೇಕಾಗುತ್ತದೆ: ದೇಗುಲ ಸೋರಿದರೆ ಅದನ್ನು ದುರಸ್ತಿ ಮಾಡುವುದು ಭಕ್ತನ ಕರ್ತವ್ಯವಾಗುತ್ತದೆ. ಸವೆದ ಹಲ್ಲನ್ನು ಕಿತ್ತೊಗೆಯದೆ ಅದರ ಬುಡವನ್ನು ಬಿಡಿಸಿ ಮತ್ತೆ ಅಗಿಯುವಂತೆ ಮಾಡುವುದು ಅಂಥ ಜೀರ್ಣೋದ್ಧಾರವೇ.

ಆದರೆ ದೇಗುಲದ ಹೋಲಿಕೆಗೆ ಒಂದು ಮಿತಿಯಿದೆ, ಮತ್ತು ಆ ಮಿತಿಯನ್ನು ತೋರಿಸಲು ಕಲ್ಲಿನ ನಾಡಾದ ಬಳ್ಳಾರಿಗಿಂತ ತಕ್ಕ ಜಾಗವಿಲ್ಲ. ಬಳ್ಳಾರಿಯ ಪಕ್ಕದ ಸಂಗನಕಲ್ಲಿನಲ್ಲಿ ನವಶಿಲಾಯುಗದ ಜನ ಕರಿಗಲ್ಲನ್ನು ಚಕ್ಕೆಯೆಬ್ಬಿಸಿ, ಬಂಡೆಯ ಮೇಲೆ ಉಜ್ಜಿ ಕೊಡಲಿಗಳನ್ನು ರೂಪಿಸಿದರು; ಆ ಉಜ್ಜಿನ ಹಳ್ಳಗಳು ಬಂಡೆಗಳಲ್ಲಿ ಇಂದಿಗೂ ಉಳಿದಿವೆ. ಕುರುಗೋಡಿನ ದೊಡ್ಡಬಸವೇಶ್ವರ ಗುಡಿಯ ಬೃಹತ್ ನಂದಿಯೂ ಒಂದೇ ಕಲ್ಲಿನಿಂದ ಕೊರೆದು ತೆಗೆದದ್ದು. ಕಲ್ಲಿನಿಂದ ತೆಗೆದದ್ದು ತೆಗೆದಂತೆಯೇ ಉಳಿಯುತ್ತದೆ. ಶಿಲ್ಪಿಯ ಇಚ್ಛೆಗೆ ಕಲ್ಲು ಮರುಮಾತಾಡುವುದಿಲ್ಲ. ವಸಡು ಮರುಮಾತಾಡುತ್ತದೆ. ಮೂಳೆಯನ್ನು ಲೆಕ್ಕಿಸದೆ ಕತ್ತರಿಸಿದರೆ ಮತ್ತೆ ಬೆಳೆದು ಬರುತ್ತದೆ, ಅದರ ಜಾಗಕ್ಕೆ ನುಗ್ಗಿದರೆ ಊದಿ ಒಸರಿ ಪ್ರತಿಭಟಿಸುತ್ತದೆ, ಅದರ ಅಳತೆಯನ್ನು ಮನ್ನಿಸಿ ಕೆಳಗಿಳಿಸಿದರೆ ಅಲ್ಲಿಯೇ ಒಗ್ಗಿಕೊಳ್ಳುತ್ತದೆ. ದೇಹವನ್ನು ಮುಟ್ಟಬಾರದ ಸಿದ್ಧ ವಿಗ್ರಹವೆಂದು ಬಗೆಯುವವರೂ, ಬೇಕಾದ ಹಾಗೆ ತಿದ್ದಬಹುದಾದ ಜೇಡಿಯೆಂದು ಬಗೆಯುವವರೂ ಇಲ್ಲಿ ಒಂದೇ ತಪ್ಪನ್ನು ಮಾಡುತ್ತಾರೆ. ಇಬ್ಬರೂ ದೇಹಕ್ಕೆ ತನ್ನದೇ ಆದ ಮಾತಿದೆ ಎಂಬುದನ್ನು ಮರೆಯುತ್ತಾರೆ.

ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆಯಲ್ಲಿ 1960ರ ದಶಕದಲ್ಲಿ ಎಂ. ಎಸ್. ನಾಗರಾಜರಾವ್ ಅವರು ನಡೆಸಿದ ಉತ್ಖನನದಲ್ಲಿ ನವಶಿಲಾಯುಗದ ಸಮಾಧಿಗಳು ಬೆಳಕಿಗೆ ಬಂದವು. ಇಂಥ ಸಮಾಧಿಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಲ ಬಾಳುವುದು ಹಲ್ಲು; ಏಕೆಂದರೆ ಅದರ ಹೊರಪದರವಾದ ಎನಾಮಲ್ ತೂಕದಲ್ಲಿ ನೂರಕ್ಕೆ ಸುಮಾರು 96 ಭಾಗ ಖನಿಜವೇ ಆಗಿದ್ದು, ದೇಹದಲ್ಲೆಲ್ಲ ಅತಿ ಗಟ್ಟಿಯಾದ ವಸ್ತು. ವಸಡಾದರೋ ಎಲ್ಲಕ್ಕಿಂತ ಮೊದಲು ಮಣ್ಣಾಗುತ್ತದೆ. ಆದರೂ ಬದುಕಿರುವಷ್ಟು ಕಾಲ ಹಲ್ಲಿನ ಬುಡವನ್ನು ಕಾಪಾಡಿದ್ದು ಆ ಮೆತ್ತನೆಯ ಎರಡು ಮಿಲಿಮೀಟರೇ. ಉಳಿಯುವುದೇ ಹೆಚ್ಚಿನದು, ಅಳಿಯುವುದು ಕೀಳು ಎಂಬ ಎಣಿಕೆಯಿಂದ ದೇಹವನ್ನು ತೂಗಹೊರಟ ತತ್ತ್ವಜ್ಞಾನಕ್ಕೆ ವಸಡು ಒಂದು ಮೌನವಾದ ತಿದ್ದುಪಡಿ.

ಈ ಚಿಕಿತ್ಸೆಯಲ್ಲಿ ಹೊರಗಿನವರಿಗೆ ಸುಲಭವಾಗಿ ತೋರದ ಇನ್ನೊಂದು ನೈತಿಕ ಸಂಗತಿಯಿದೆ. ಒಂದು ಹಲ್ಲಿನ ಸುತ್ತಲಷ್ಟೇ ಮೂಳೆಯನ್ನು ಗುಂಡಿಯಂತೆ ತೋಡಿ ಬಿಡಲಾಗುವುದಿಲ್ಲ. ವಸಡು ಸರಾಗವಾಗಿ ಕೂರಬೇಕಾದರೆ ಅಕ್ಕಪಕ್ಕದ ಹಲ್ಲುಗಳ ಮೂಳೆಯನ್ನೂ ಇಳಿಜಾರಾಗಿ ತೆಗೆಯಬೇಕಾಗುತ್ತದೆ. ತೆಗೆದ ಮೂಳೆ ಮರಳಿ ಬರುವುದಿಲ್ಲ. ಹಾಳಾದ ಹಲ್ಲಿಗಾಗಿ ಯಾವ ತಪ್ಪೂ ಮಾಡದ ನೆರೆಯ ಹಲ್ಲುಗಳು ತಮ್ಮ ಆಸರೆಯ ಒಂದು ಪಾಲನ್ನು ಬಿಟ್ಟುಕೊಡುತ್ತವೆ. ಬಳ್ಳಾರಿ ಕೋಟೆಯ ಬಗ್ಗೆ ಜನ ಹೇಳಿಕೊಂಡು ಬಂದ ಐತಿಹ್ಯವೊಂದು ಇಲ್ಲಿ ನೆನಪಾಗುತ್ತದೆ: ಹೈದರಾಲಿಗೆ ಕೋಟೆ ಕಟ್ಟಿಕೊಟ್ಟ ಫ್ರೆಂಚ್ ಎಂಜಿನಿಯರನು ಎದುರಿನ ಕುಂಬಾರಗುಡ್ಡ ಕೋಟೆಗಿಂತ ಎತ್ತರವೆಂಬುದನ್ನು ಗಮನಿಸದೆ ಹೋದದ್ದಕ್ಕೆ ಪ್ರಾಣ ತೆರಬೇಕಾಯಿತಂತೆ. ಕಟ್ಟುವ ಗುಡ್ಡವನ್ನು ಅಳೆದವನು ಪಕ್ಕದ ಗುಡ್ಡವನ್ನೂ ಅಳೆಯಬೇಕಿತ್ತು. ಬೇರು ಗಿಡ್ಡವಾಗಿದ್ದು, ನೆರೆಹಲ್ಲುಗಳು ತೆರಬೇಕಾದ ಬೆಲೆ ದೊಡ್ಡದಾಗಿದ್ದರೆ, ಬಲ್ಲ ವೈದ್ಯರು ಮೂಳೆ ಕೆತ್ತುವ ಬದಲು ಆ ಹಲ್ಲನ್ನೇ ತಂತಿಯಿಂದ ಮೆಲ್ಲಗೆ ಹೊರಗೆಳೆಯುವ ದಾರಿಯನ್ನು ಸೂಚಿಸುತ್ತಾರೆ, ಅಥವಾ ಕಿತ್ತುಬಿಡುವುದೇ ಲೇಸೆಂದು ಹೇಳುತ್ತಾರೆ. ಉಳಿಸುವುದೆಲ್ಲವೂ ಕರುಣೆಯಲ್ಲ, ಯಾರ ಪಾಲಿನಿಂದ ಉಳಿಸುತ್ತಿದ್ದೇವೆ ಎಂದು ಕೇಳಿಕೊಳ್ಳುವುದೂ ಕರುಣೆಯ ಭಾಗ.

ಇನ್ನು ಚೆಲುವಿನ ಪ್ರಶ್ನೆ. ನಗುವಾಗ ವಸಡು ಹೆಚ್ಚು ಕಾಣುವುದಕ್ಕೆ ಕಾರಣ ಒಂದೇ ಅಲ್ಲ. ಹಲ್ಲು ಹುಟ್ಟಿ ಮೇಲೇರಿದ ನಂತರ ವಸಡು ಮೆಲ್ಲಗೆ ಹಿಂದೆ ಸರಿದು ಕಿರೀಟವನ್ನು ಪೂರ್ತಿ ತೋರಗೊಡಬೇಕು. ಕೆಲವರಲ್ಲಿ ಅದು ಸರಿಯದೆ ಎನಾಮಲಿನ ಮೇಲೆಯೇ ಉಳಿದು ಹಲ್ಲು ಗಿಡ್ಡವಾಗಿ ಕಾಣುತ್ತದೆ. ಇನ್ನು ಕೆಲವರಲ್ಲಿ ಮೇಲಿನ ದವಡೆಯೇ ಉದ್ದವಾಗಿರುತ್ತದೆ, ಅಥವಾ ತುಟಿ ಹೆಚ್ಚು ಮೇಲಕ್ಕೇರುತ್ತದೆ. ಮೊದಲನೆಯದರಲ್ಲಿ ವಸಡನ್ನು ತಿದ್ದುವುದು ಮರೆಯಾಗಿದ್ದ ಹಲ್ಲಿಗೆ ಅದರದೇ ಜಾಗವನ್ನು ಮರಳಿಸುವ ಕೆಲಸ. ಉಳಿದೆರಡರಲ್ಲಿ ಹಾಗೆ ಕತ್ತರಿಸಿದರೆ ಬೇರು ಬಯಲಾಗಿ, ತಣ್ಣೀರು ತಾಗಿದರೂ ಜುಮ್ಮೆನ್ನುವ ಹಲ್ಲು ಗಂಟುಬೀಳುತ್ತದೆ. ಕನ್ನಡಿಯಲ್ಲಿ ಕಾಣುವ ಲೋಪ ಒಂದೇ ಆಗಿದ್ದರೂ ಒಂದು ಕಡೆ ಶಸ್ತ್ರ ನ್ಯಾಯ, ಇನ್ನೊಂದು ಕಡೆ ಅನ್ಯಾಯ. ಕುಂದಿನ ನಿವಾರಣೆ ಮತ್ತು ಸೃಷ್ಟಿಯ ಬದಲಾವಣೆಗಳ ನಡುವೆ ಧರ್ಮಶಾಸ್ತ್ರವು ಹುಡುಕಿದ ಗೆರೆಯನ್ನು ಇಲ್ಲಿ ರೋಗನಿರ್ಣಯವೇ ಎಳೆದು ತೋರಿಸುತ್ತದೆ.

ಆ ಗೆರೆಯ ಈಚೆಗೆ ನಿಂತವರ ಸಂಕಟವನ್ನು ಬರಿಯ ಷೋಕಿಯೆಂದು ತಳ್ಳಿಹಾಕುವುದು ಕ್ರೌರ್ಯ. ಹೆಣ್ಣು ನೋಡುವ ಶಾಸ್ತ್ರದಲ್ಲಿ ಬಾಯಿಗೆ ಸೆರಗು ಅಡ್ಡ ಹಿಡಿದು ನಗುವ, ಛಾಯಾಚಿತ್ರದಲ್ಲಿ ತುಟಿ ಬಿಗಿದೇ ನಿಲ್ಲುವ, ನಗುವುದನ್ನೇ ಮರೆತ ಮುಖಗಳು ಈ ಸೀಮೆಯಲ್ಲಿ ಅಪರೂಪವಲ್ಲ. ಕುಡಿಯುವ ನೀರಿನಲ್ಲಿ ಫ್ಲೋರೈಡು ಹೆಚ್ಚಿರುವ ಹಳ್ಳಿಗಳಲ್ಲಿ ಹಲ್ಲಿಗೆ ಕಂದುಗಲೆ ಬಿದ್ದು, ಹುಟ್ಟಿದ ಊರೇ ನಗೆಯ ಮೇಲೆ ಅಚ್ಚೊತ್ತಿರುತ್ತದೆ. ನಗು ಮನುಷ್ಯನೊಬ್ಬ ಇನ್ನೊಬ್ಬನಿಗೆ ಕೊಡುವ ಮೊದಲ ಕೊಡುಗೆ; ಅದನ್ನು ಕೊಡಲಾಗದಂತೆ ಮಾಡುವ ನಾಚಿಕೆ ಸಣ್ಣ ನೋವಲ್ಲ. ಆದರೆ ಆ ನಾಚಿಕೆಯನ್ನು ಹುಟ್ಟಿಸಿದ್ದು ವಸಡೋ, ನೋಡುವವರ ಕಣ್ಣೋ ಎಂದು ಕೇಳುವ ಹೊಣೆಯನ್ನು ಸಮಾಜ ಕತ್ತಿಯ ಕೈಗೆ ಒಪ್ಪಿಸಿ ಕೈತೊಳೆದುಕೊಳ್ಳಬಾರದು.

ನ್ಯಾಯದ ಪ್ರಶ್ನೆಯೂ ಜೊತೆಗೇ ಬರುತ್ತದೆ. ಬಳ್ಳಾರಿಯಲ್ಲಿ ಸರ್ಕಾರಿ ದಂತ ವೈದ್ಯಕೀಯ ಕಾಲೇಜು ಇದೆ. ಆದರೆ ಸಿರುಗುಪ್ಪದ ಭತ್ತದ ಗದ್ದೆಯ ಕೂಲಿಯವಳು ಐವತ್ತು ಕಿಲೋಮೀಟರಿಗೂ ಹೆಚ್ಚು ದೂರ ಬಸ್ಸಿನಲ್ಲಿ ಬಂದು, ಬೇರಿನ ಚಿಕಿತ್ಸೆಗೆ ಹಲವು ಸಲ, ಶಸ್ತ್ರಚಿಕಿತ್ಸೆಗೆ ಒಂದು ಸಲ, ವಾರ ಹತ್ತು ದಿನಕ್ಕೆ ಹೊಲಿಗೆ ಬಿಚ್ಚಿಸಲು ಒಂದು ಸಲ, ತಿಂಗಳುಗಳ ಮೇಲೆ ಕ್ಯಾಪ್‌ಗೆ ಮತ್ತೆ ಕೆಲವು ಸಲ ಓಡಾಡಬೇಕು. ಪ್ರತಿ ಓಡಾಟಕ್ಕೂ ಒಂದು ದಿನದ ಕೂಲಿ ಹೋಗುತ್ತದೆ. ಕುರುಗೋಡಿನಂಥ ಹತ್ತಿರದ ಊರಿನವರಿಗೂ ಲೆಕ್ಕ ಹೆಚ್ಚು ಬದಲಾಗುವುದಿಲ್ಲ. ಹೀಗಾಗಿ ಉಳಿಸಬಹುದಾದ ಹಲ್ಲು ಕೀಳುವ ಹಲ್ಲಾಗುತ್ತದೆ. ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಎಂಬ ಗಾದೆ ಬಡವರ ಪಾಲಿಗೆ ಬರಿಯ ವಿಧಿಯ ಮಾತಲ್ಲ, ವ್ಯವಸ್ಥೆಯ ಮಾತು. ದೇಹ ದೇಗುಲವೆನ್ನುವ ಸಮಾಜ ಕೆಲವರ ದೇಗುಲಕ್ಕೆ ಮಾತ್ರ ಜೀರ್ಣೋದ್ಧಾರದ ಹಣವನ್ನಿಟ್ಟರೆ, ಅದರ ಧರ್ಮಬುದ್ಧಿಯೇ ಶಿಥಿಲವಾಗಿದೆ ಎಂದರ್ಥ.

ಹಾಗಾದರೆ ದೇಹವನ್ನು ತಿದ್ದುವ ಹಕ್ಕು ಮನುಷ್ಯನಿಗೆ ಇದೆಯೇ? ವಸಡು ಕಲಿಸುವ ಉತ್ತರ ಇಷ್ಟು: ಆ ಹಕ್ಕು ಮೇರೆಯ ಅರಿವಿನೊಡನೆ ಬರುತ್ತದೆ, ಮೇರೆ ಮರೆತಾಗ ಹೋಗುತ್ತದೆ. ಭಿಕ್ಷುವಿನ ಹಲ್ಲುಕಡ್ಡಿ, ಮುನಿಯ ವ್ರತ, ಅರ್ಫಜಾರ ಚಿನ್ನದ ಮೂಗು, ಶರಣರ ಕಾಯಕ ಇವೆಲ್ಲ ಬೇರೆ ಬೇರೆ ದಾರಿಗಳಾದರೂ, ದೇಹದೊಡನೆ ಏನು ಮಾಡಬೇಕಾದರೂ ಮೊದಲು ಅದರ ಅಳತೆಯನ್ನು ಕೇಳಿಸಿಕೊಳ್ಳಬೇಕೆಂಬಲ್ಲಿ ಕೂಡುತ್ತವೆ. ಚಿಕಿತ್ಸೆಯ ಕ್ರಮದಲ್ಲೇ ಈ ಕೇಳಿಸಿಕೊಳ್ಳುವಿಕೆಗೆ ಸಮಯವನ್ನು ಮೀಸಲಿಟ್ಟಿರುವುದು ಗಮನಾರ್ಹ. ಕತ್ತಿಯ ಕೆಲಸ ಒಂದು ಗಂಟೆಯಷ್ಟರಲ್ಲಿ ಮುಗಿದರೂ, ವಸಡು ತನ್ನ ಹೊಸ ಮಟ್ಟವನ್ನು ತಾನೇ ಗೊತ್ತುಮಾಡಿಕೊಳ್ಳಲು ಹಿಂಬದಿಯ ಹಲ್ಲುಗಳಲ್ಲಿ ಆರರಿಂದ ಎಂಟು ವಾರ, ನಗುವಾಗ ಕಾಣುವ ಮುಂಬದಿಯಲ್ಲಿ ಮೂರರಿಂದ ಆರು ತಿಂಗಳು ಬೇಕಾಗುತ್ತದೆ. ಅಲ್ಲಿಯವರೆಗೆ ಕೊನೆಯ ಕ್ಯಾಪ್‌ನ ಅಂಚನ್ನು ಎಲ್ಲಿ ನಿಲ್ಲಿಸಬೇಕೆಂದು ವೈದ್ಯರು ನಿರ್ಧರಿಸುವುದಿಲ್ಲ. ತಾತ್ಕಾಲಿಕ ಕ್ಯಾಪ್ ಒಂದನ್ನು ಕೂರಿಸಿ, ಕತ್ತಿ ಹಿಡಿದಿದ್ದ ಕೈಯನ್ನು ಮಡಿಸಿಕೊಂಡು, ವಸಡು ಬಂದು ನಿಲ್ಲುವ ಜಾಗಕ್ಕಾಗಿ ಅವರು ಕಾಯುತ್ತಾರೆ.